ಹೊಳೆದಂಡೆಗೊಂದು ಮನೆ

ಯಲಬುರ್ಗಾ ತಾಲ್ಲೂಕಿಗೆ ಹೊಳೆಯಿಲ್ಲ. ಹಳ್ಳಗಳಿವೆ. ಮಳೆ ಬಿದ್ದ ರಾತ್ರಿ ಕೆಂಪಗೆ ಮೊರೆದು ಹರಿಯುತ್ತವೆ, ಎರಡು ದಿನಕ್ಕೆ ಮರಳು ತೋರಿಸಿ ಸುಮ್ಮನಾಗುತ್ತವೆ. ದಕ್ಷಿಣಕ್ಕೆ ತುಂಗಭದ್ರೆ 60 ಕಿಲೋಮೀಟರಿನ ಆಸುಪಾಸು. ಉತ್ತರಕ್ಕೆ ಕೃಷ್ಣೆ ಇನ್ನೂ ದೂರ. ಈ ಎರಡು ಹೊಳೆಗಳ ನಡುವಿನ ನೆಲದಲ್ಲಿ ನಮ್ಮವರು ಎರೆಯಲ್ಲಿ ಕಡಲೆ, ಬಿಳಿಜೋಳ, ಮಸಾರಿಯಲ್ಲಿ ಸಜ್ಜೆ, ಹೆಸರು ಬಿತ್ತಿ ಮುಗಿಲು ನೋಡುತ್ತ ಕೂಡುತ್ತಾರೆ. ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದ ಸಿಂದರು ಆಗಿನ ಎರಂಬರಗೆಯಾಗಿದ್ದ ಇದೇ ಊರನ್ನು ರಾಜಧಾನಿ ಮಾಡಿಕೊಂಡು ಆಳಿದರು. ರಾಜಧಾನಿಯ ಪಕ್ಕ ಹೊಳೆ ಬೇಕೆಂದು ಅವರು ಹಟ ಹಿಡಿದಂತಿಲ್ಲ. ಆ ಹಟ ನಿವೃತ್ತಿಯ ಮರುವರ್ಷ ನನಗೆ ಹತ್ತಿಕೊಂಡಿತು.

ಕಾರಣ ದೊಡ್ಡದೇನಲ್ಲ. ಇಡೀ ನೌಕರಿ ಕುಷ್ಟಗಿ, ಯಲಬುರ್ಗಾ ಕಡೆಯ ಒಣ ಊರುಗಳಲ್ಲೇ ಕಳೆಯಿತು. ನಮ್ಮ ಬೋರುಗಳ ನೀರಿನಲ್ಲಿ ಫ್ಲೋರೈಡು ಹೆಚ್ಚು. ಹಲ್ಲಿನ ಮೇಲೆ ಕಂದು ಗೆರೆ ಮೂಡಿದ ಮಕ್ಕಳನ್ನು ಕಂಡು ಕಂಡು ಅದು ರೋಗವೆಂಬುದೇ ಮರೆತುಹೋಗುವಷ್ಟು ಸಾಮಾನ್ಯ. ಈಚೆಗೆ ಕೃಷ್ಣೆಯ ನೀರು ಪೈಪಿನಲ್ಲಿ ಹಲವು ಹಳ್ಳಿಗಳಿಗೆ ಬರುತ್ತಿದೆ. ಬರುವ ದಿನ ಓಣಿಯಲ್ಲಿ ಕೊಡಗಳ ಸದ್ದೇ ಹಬ್ಬ. ಇಂಥಲ್ಲಿ ಬದುಕಿದವನಿಗೆ ಬೆಳಗ್ಗೆ ಎದ್ದು ಬಾಗಿಲು ತೆಗೆದರೆ ಎದುರಿಗೆ ನೀರು ಕಾಣಬೇಕು ಅನ್ನಿಸಿದರೆ ತಪ್ಪೇನು? ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಹೊಲ ಲಾವಣಿಗೆ ಕೊಟ್ಟಿದೆ, ಪಿಂಚಣಿ ಬರುತ್ತದೆ. ಯಾವುದಾದರೂ ಹೊಳೆಸಾಲಿನ ಊರೋ, ಕಡಲದಂಡೆಯ ಪಟ್ಟಣವೋ ನೋಡಿ ಅಲ್ಲಿ ಉಳಿಯೋಣ ಎಂದೆ.

ನನ್ನ ಹೆಂಡತಿಯ ತವರು ಕಂಪ್ಲಿ ಕೋಟೆಯ ಕಡೆ. ತುಂಗಭದ್ರೆಯ ಮಗ್ಗುಲಲ್ಲೇ ಆಡಿ ಬೆಳೆದವಳು. ಅವಳು ಹೇಳಿದ್ದು ಇಷ್ಟು: "ನೀರು ಹೆಂಗ ಕಾಣತೈತಿ ಅಂತ ಆಮ್ಯಾಲ ನೋಡೂಣಂತ. ಬಂದ್ರ ಎಲ್ಲೀತನಕ ಬರತೈತಿ ಅಂತ ಮೊದ್ಲು ಕೇಳ್ರಿ." ಜಲಾಶಯದಿಂದ ಲಕ್ಷ ಕ್ಯುಸೆಕ್ ದಾಟಿ ನೀರು ಬಿಟ್ಟರೆ ಕಂಪ್ಲಿಯ ಸೇತುವೆ ಮುಳುಗುತ್ತದೆ, ಗಂಗಾವತಿಗೆ ಹೋಗುವವರು ಸುತ್ತಿ ಬಳಸಿ ಹೋಗಬೇಕು. ಅವಳಿಗೆ ಮಳೆಗಾಲವೆಂದರೆ ಈ ಲೆಕ್ಕ. ಮಲೆನಾಡಿನಲ್ಲಿ ಎಷ್ಟು ಮಳೆ, ಡ್ಯಾಮಿನಿಂದ ಎಷ್ಟು ಬಿಟ್ಟರು, ಕೋಟೆಯ ಕಡೆಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ. ಹೀಗಾಗಿ ನಮ್ಮ ತಿರುಗಾಟದುದ್ದಕ್ಕೂ ನಾನು ನೀರು ನೋಡಿದೆ, ಅವಳು ಗೋಡೆಗಳನ್ನು ನೋಡಿದಳು. ಯಾವ ಊರಿಗೆ ಹೋದರೂ ಮೊದಲು ಮನೆಗಳ ಬುಡಕ್ಕೆ ಬಗ್ಗಿ, ಹಳೆಯ ನೆರೆಯ ಕಲೆ ಎಷ್ಟು ಗೇಣು ಮೇಲೇರಿದೆ ಎಂದು ಕೈಯಿಟ್ಟು ಅಳೆಯುತ್ತಿದ್ದಳು.

ಹೊರಡುವ ಮೊದಲು ಇಟಗಿಗೆ ಹೋಗಿಬಂದೆವು. ಕುಕನೂರಿನ ಆಚೆ, ಮೊದಲು ನಮ್ಮದೇ ತಾಲ್ಲೂಕಿನಲ್ಲಿದ್ದ ಊರು. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿಯನ್ನು ಅಲ್ಲಿಯ ಶಾಸನ 'ದೇವಾಲಯ ಚಕ್ರವರ್ತಿ' ಎಂದು ಕರೆಯುತ್ತದೆ. ಬಂದವರೆಲ್ಲ ಕಂಬ ನೋಡುತ್ತಾರೆ, ತೋರಣ ನೋಡುತ್ತಾರೆ. ಶಾಲೆಯ ಹುಡುಗನಾಗಿ ನಾನು ನೋಡಿದ್ದು ಎದುರಿನ ಪುಷ್ಕರಣಿಯನ್ನು. ಅಷ್ಟು ನೀರು ಒಂದೇ ಕಡೆ ನಿಂತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಹೊಳೆಯಿಲ್ಲದ ಸೀಮೆಯ ಕಲ್ಲುಕುಟಿಗರು ನೀರಿಗೆ ನಾಲ್ಕು ಕಡೆ ಮೆಟ್ಟಿಲು ಕಟ್ಟಿ, ಅದಕ್ಕೊಂದು ದಂಡೆ ತಾವೇ ಮಾಡಿಕೊಟ್ಟಿದ್ದಾರೆ. ನೀರು ಏರಲಿ ಇಳಿಯಲಿ, ಯಾವುದೋ ಒಂದು ಮೆಟ್ಟಿಲಿಗೆ ಕಾಲು ಸಿಕ್ಕೇ ಸಿಗುತ್ತದೆ. ಮುಂದೆ ಕಂಡ ಊರುಗಳಲ್ಲಿ ಈ ಏರಿಳಿತಕ್ಕೆ ಜಾಗ ಬಿಟ್ಟವರು ಕಡಿಮೆ.

ಮುನಿರಾಬಾದು ನಮಗೆ ಎಲ್ಲಕ್ಕಿಂತ ಹತ್ತಿರ. ಡ್ಯಾಮು ಕಟ್ಟುವ ಕಾಲದ ವಸತಿಗೃಹಗಳು, ದೊಡ್ಡ ಮರಗಳ ನೆರಳು, ಮಗ್ಗುಲಲ್ಲಿ ಹುಲಿಗೆಮ್ಮನ ಗುಡಿ, ಹತ್ತಿರದಲ್ಲೇ ರೈಲು. ನಿವೃತ್ತನಿಗೆ ಇನ್ನೇನು ಬೇಕು? 1945ರ ಫೆಬ್ರವರಿ 28ರಂದು ಹೈದರಾಬಾದು ಸಂಸ್ಥಾನ ಈ ದಂಡೆಯಲ್ಲಿ, ಮದ್ರಾಸು ಪ್ರಾಂತ ಆ ದಂಡೆಯಲ್ಲಿ ಅಡಿಗಲ್ಲು ಹಾಕಿದವು. 1953ರ ಹೊತ್ತಿಗೆ ನೀರು ನಿಂತಿತು. ನಿಂತ ನೀರಿನ ತಳದಲ್ಲಿ ಸುಮಾರು 90 ಹಳ್ಳಿಗಳು ಉಳಿದವು. ಈಗ ನಾವು 'ಹಿನ್ನೀರಿನ ಸೊಬಗು' ಎನ್ನುವುದು ಇನ್ನೊಬ್ಬರ ಹೊಲ, ಗುಡಿ, ಓಣಿಗಳ ಮೇಲೆ ನಿಂತ ನೀರನ್ನು. ಇದನ್ನು ಹೇಳಿ ಸೊಬಗು ಕೆಡಿಸುವ ಇರಾದೆ ನನಗಿಲ್ಲ. ಅಕ್ಟೋಬರಿನ ಸಂಜೆ ಏರಿಯ ಮೇಲೆ ನಿಂತರೆ ನೀರಿಗೆ ಕೊನೆಯೇ ಕಾಣುವುದಿಲ್ಲ, ಅದೂ ನಿಜವೇ.

ಆದರೆ ಮೇ ತಿಂಗಳಲ್ಲಿ ಬಂದು ನೋಡಿದರೆ ದಂಡೆಯೇ ಸರಿದು ಹೋಗಿರುತ್ತದೆ. ಅಕ್ಟೋಬರಿನಲ್ಲಿ ಅಂಗಳಕ್ಕೆ ಬಡಿಯುವ ನೀರು ಬೇಸಿಗೆಯಲ್ಲಿ ದೂರದ ಒಂದು ಗೆರೆ. ನಡುವೆ ಬಿರುಕು ಬಿಟ್ಟ ಹೂಳು, ಅದರ ಮೇಲೆ ಕುರಿಹಿಂಡು. ಮೊದಲು 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಜಲಾಶಯ ಈಗ 105.788 ಮಾತ್ರ ಹಿಡಿಯುತ್ತದೆ. ಉಳಿದದ್ದೆಲ್ಲ ಹೂಳು. ಜಲಾಶಯದ ಪಕ್ಕ ಮನೆ ಮಾಡುವವನು ವರ್ಷಕ್ಕೆ ಎರಡು ಬೇರೆ ಬೇರೆ ಊರುಗಳಲ್ಲಿ ಬದುಕಲು ತಯಾರಿರಬೇಕು.

ಇನ್ನು 2024ರ ಆಗಸ್ಟ್ 10ರ ರಾತ್ರಿ. 33 ಕ್ರೆಸ್ಟ್ ಗೇಟುಗಳ ಪೈಕಿ 19ನೆಯದರ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಎಡದಂಡೆ ಕಾಲುವೆಯ ಭತ್ತದವರಿಗೆ, ಗಂಗಾವತಿಯಿಂದ ಮಾನ್ವಿಯವರೆಗೆ, ನಿದ್ದೆಯಿಲ್ಲ. ಅವರಿಗೆ ಭಯ ನೀರು ಬರುವುದರದ್ದಲ್ಲ, ಹೋಗುವುದರದ್ದು. ತಜ್ಞ ಕನ್ನಯ್ಯ ನಾಯ್ಡು ಅವರ ಸಲಹೆಯಂತೆ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಒಂದು ವಾರದೊಳಗೆ ಸೋರುವುದನ್ನು ನಿಲ್ಲಿಸಿದರು. ಹಳೆಯ ಗೇಟುಗಳ ಮೇಲೆ ಭಾರ ಹಾಕಬಾರದೆಂದು 2025ರಲ್ಲಿ 80 ಟಿಎಂಸಿಗೇ ನಿಲ್ಲಿಸಿಕೊಂಡರು. ನಾವು ಹೋದಾಗ ಚಹಾದಂಗಡಿಯವನು 19ನೇ ಗೇಟನ್ನು ಬೆರಳು ಮಾಡಿ ತೋರಿಸಿದ. ಊರಿಗೆ ಬಂದ ಬೀಗರಿಗೆ ಗುಡಿ ತೋರಿಸುವ ಗತ್ತು ಅವನ ದನಿಯಲ್ಲಿತ್ತು. ಹೆಂಡತಿ ಕೇಳಿದಳು: "ಆ ರಾತ್ರಿ ನೀವು ಮನ್ಯಾಗ ಇದ್ರೇನು?" ಅವನು ನಕ್ಕ. "ಇಲ್ಲೇ ಇದ್ನೆವ್ವಾ. ಇಲ್ಲಿದ್ದವರಿಗೆ ಏನೂ ಆಗೂದಿಲ್ಲ. ಕೆಳಗಿನವರು ಗಂಟು ಕಟ್ಟಬೇಕು."

ಕೆಳಗಿನವರು ಎಂದರೆ ಆನೆಗೊಂದಿ, ಕಂಪ್ಲಿ. ಆನೆಗೊಂದಿಗೆ ಮನಸೋಲದವರಿಲ್ಲ. ಒಂದು ಕಡೆ ಬಂಡೆಗುಡ್ಡ, ಇನ್ನೊಂದು ಕಡೆ ಗದ್ದೆ, ಬಾಳೆ, ನಡುವೆ ಮಣ್ಣಿನ ಮನೆಗಳ ಓಣಿ, ಹೊಳೆಯ ನಡುಗಡ್ಡೆಯಲ್ಲಿ ನವಬೃಂದಾವನ. ಹರಿಗೋಲಿನವನು ಗಿರ್ರನೆ ತಿರುಗಿಸಿ ಪ್ರವಾಸಿಗರ ಕಿರುಚು ಕೇಳಿ ನಗುತ್ತಿರುತ್ತಾನೆ. ಆದರೆ ಊರು ನೀರಿಗೆ ಅಂಟಿಕೊಂಡಿಲ್ಲ ಎಂಬುದು ಎರಡನೇ ಸಲ ನೋಡಿದಾಗ ತಿಳಿಯುತ್ತದೆ. ಹಳಬರು ಹೊಳೆಗೂ ಮನೆಗೂ ನಡುವೆ ಗದ್ದೆ ಬಿಟ್ಟಿದ್ದಾರೆ. ನೆರೆ ಬಂದರೆ ಮೊದಲು ಗದ್ದೆ ಮುಳುಗಲಿ, ಮನೆ ಆಮೇಲೆ ನೋಡೋಣ ಎಂಬ ಲೆಕ್ಕ. ನದಿಗೆ ಸೇತುವೆ ಕಟ್ಟಲು ಹೊರಟ ಹೊಸಬರ ಲೆಕ್ಕ ಮಾತ್ರ ಕೂಡಲಿಲ್ಲ. ಇಲ್ಲಿಯ ಸೇತುವೆಗಳ ಸಲುವಾಗಿ ಹಂಪಿ 1999ರಲ್ಲಿ ಯುನೆಸ್ಕೋದ ಅಪಾಯದ ಪಟ್ಟಿ ಸೇರಿ 2006ರವರೆಗೆ ಅಲ್ಲೇ ಉಳಿಯಿತು; ಆನೆಗೊಂದಿಯ ಸೇತುವೆ 2009ರ ಜನವರಿಯಲ್ಲಿ ಕಟ್ಟುತ್ತಿರುವಾಗಲೇ ಕುಸಿದು ಕೂಲಿಗಳು ಸತ್ತರು. ಮುರಿದ ಕಂಬಗಳನ್ನು ನೋಡುವಾಗ ನನಗೆ ಹೊಳೆಯುವುದು ಒಂದೇ: ಕೂಲಿಗಳು ಯಾವ ಊರಿನವರಿದ್ದರೋ.

ಹಂಪಿಯ ಎದುರಿನ ವಿರೂಪಾಪುರಗಡ್ಡೆಯಲ್ಲಿ ಆ ಗದ್ದೆಯ ಲೆಕ್ಕವನ್ನೇ ಬಿಟ್ಟಿದ್ದರು. ವಿದೇಶಿಯರು ತಂಗುವ ರೆಸಾರ್ಟುಗಳು, ಚಾಪೆ ಹಾಸಿದ ಹೋಟೆಲುಗಳು ಭತ್ತದ ನೆಲದ ಮೇಲೇ ಎದ್ದಿದ್ದವು. 2019ರ ಆಗಸ್ಟಿನಲ್ಲಿ ಡ್ಯಾಮಿನಿಂದ ನೀರು ಬಿಟ್ಟಾಗ ಗಡ್ಡೆಯೆಂಬುದು ನಿಜವಾಗಿಯೂ ನಡುಗಡ್ಡೆಯಾಯಿತು. ಸಿಕ್ಕಿಬಿದ್ದವರನ್ನು ಹೆಲಿಕಾಪ್ಟರಿನಲ್ಲಿ ಎತ್ತಬೇಕಾಯಿತು. ಮರುವರ್ಷ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು, ಮಾರ್ಚಿನಲ್ಲಿ ಜೆಸಿಬಿಗಳು ಬಂದವು. ಆನೆಗೊಂದಿಯಲ್ಲಿ ಹೊಸ ಗೋಡೆ ಎಬ್ಬಿಸಲೂ ಹಂಪಿ ಪ್ರಾಧಿಕಾರದ ಅನುಮತಿ ಬೇಕು. ಒಳ್ಳೆಯದೇ. ಹಳೆಯ ಮನೆಯೊಂದು ಬಾಡಿಗೆಗೆ ಸಿಕ್ಕರೆ ಇರಬಹುದಿತ್ತು, ಆದರೆ ಅಂಜನಾದ್ರಿಯ ಗದ್ದಲ ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಹನುಮ ಹುಟ್ಟಿದ ಗುಡ್ಡದ ಬುಡದಲ್ಲಿ ಧ್ವನಿವರ್ಧಕದ ಕೆಳಗೆ ಮುಪ್ಪು ಕಳೆಯುವ ಉತ್ಸಾಹ ನನಗಿರಲಿಲ್ಲ.

ಗಂಗಾವತಿಯನ್ನು ಬೇಗ ದಾಟಿದೆವು. ಕಾಲುವೆ ನೀರಿದೆ, ಅಕ್ಕಿ ಇದೆ, ದುಡ್ಡಿದೆ, ಸೊಳ್ಳೆಯೂ ಇದೆ. ಕಾಲುವೆಯ ಪಕ್ಕ ಯಾರೂ ಮನೆ ಕಟ್ಟಿ ಅತ್ತ ಕಿಟಕಿ ಇಡುವುದಿಲ್ಲ.

ಬಾಗಲಕೋಟೆಯ ಬಗೆಗೆ ಬರೆಯುವುದು ಕಷ್ಟ. ಆಲಮಟ್ಟಿಯ ಹಿನ್ನೀರು ಘಟಪ್ರಭೆಯ ಗುಂಟ ಹಳೇ ಊರಿಗೆ ನುಗ್ಗಿದೆ. ಅರ್ಧ ಊರು ನವನಗರದ ಸೆಕ್ಟರುಗಳಿಗೆ ಹೋಗಿದೆ. ಇನ್ನರ್ಧ ಹಳೆಯ ಪೇಟೆಯಲ್ಲಿ ಅಂಗಡಿ ತೆರೆದು ಕುಳಿತಿದೆ. ಓಣಿಯೊಂದರಲ್ಲಿ ಹೋಗುತ್ತಿದ್ದರೆ ಎರಡೂ ಕಡೆ ಮನೆಗಳು, ಕಟ್ಟೆಗಳು, ಆಮೇಲೆ ಬರೀ ಬುನಾದಿಗಳು, ಆಮೇಲೆ ನೀರು. ದಾರಿ ನೇರವಾಗಿ ನೀರಿನೊಳಗೆ ಇಳಿದು ಹೋಗುತ್ತದೆ. ಇಂಥ ನೋಟ ಬೇರೆ ಯಾವ ದೇಶದಲ್ಲಿದ್ದರೂ ಟಿಕೆಟ್ ಇಟ್ಟು ತೋರಿಸುತ್ತಿದ್ದರು. ಈಗ 519.6 ಮೀಟರಿನಲ್ಲಿ ನಿಂತಿರುವ ನೀರನ್ನು 524.256ಕ್ಕೆ ಏರಿಸುವ ಮಾತು ವರ್ಷಗಳಿಂದ ನಡೆದಿದೆ. ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರ ಮನೆಯ ಮಾಳಿಗೆ ಒಂದು ಕಡೆ ಜಗ್ಗಿತ್ತು. ದುರಸ್ತಿ ಯಾಕೆ ಮಾಡಿಸಿಲ್ಲ ಎಂದು ಕೇಳಿದ್ದಕ್ಕೆ, "ಮುಳಗೂ ಮನಿಗೆ ಯಾರರ ಮಣ್ಣು ಹಾಕ್ತಾರೇನ್ರಿ?" ಎಂದರು. ಮುಳುಗುವ ತಾರೀಖು ಮಾತ್ರ ಅವರಿಗೆ ಯಾರೂ ಹೇಳಿಲ್ಲ. ನೀರು ಹತ್ತಿರ ಬರುವುದಕ್ಕಿಂತ ಬರುತ್ತದೆಂದು ಕಾಯುವುದು ಮನೆಗಳನ್ನು ಬೇಗ ಹಾಳುಮಾಡುತ್ತದೆ. ಹೆಂಡತಿ ಅಲ್ಲಿ ಗೋಡೆಗೆ ಕೈಯಿಟ್ಟು ಅಳೆಯಲಿಲ್ಲ.

ಕಡಲಿನ ಕಡೆ ಹೊರಟದ್ದು ರೈಲಿನಲ್ಲಿ. ಗದಗ–ವಾಡಿ ಮಾರ್ಗ ನನ್ನ ನೌಕರಿಯ ಇಡೀ ಕಾಲ ಬರೀ ಪತ್ರಿಕೆಯ ಸುದ್ದಿಯಾಗಿತ್ತು. 2025ರ ಮೇ ತಿಂಗಳಲ್ಲಿ ಕುಷ್ಟಗಿಯಿಂದ ಹುಬ್ಬಳ್ಳಿಗೆ ರೈಲು ಓಡಿತು, ಯಲಬುರ್ಗಾ, ಕುಕನೂರು, ತಳಕಲ್ಲು ಹಾದು. ಮೊದಲು ಹತ್ತಿದವರ ಪೈಕಿ ಮಕ್ಕಳಿಗಿಂತ ಮುದುಕರೇ ಹೆಚ್ಚಿದ್ದರಂತೆ. ಹುಬ್ಬಳ್ಳಿಯಲ್ಲಿ ಬದಲಿಸಿ ಲೋಂಡಾ, ಕ್ಯಾಸಲ್‌ರಾಕ್ ದಾಟಿ ವಾಸ್ಕೋಗೆ ಹೋದೆವು. ವಾಸ್ಕೋಗೆ ಯಾಕೆ ಎಂದರೆ, ನೀರಿನ ದಂಡೆಯಲ್ಲಿ ಉಳಿದ ನಮ್ಮೂರವರು ಎಂದು ಯಾರನ್ನಾದರೂ ಕೇಳಿದರೆ ಮೊದಲು ಬರುವ ಹೆಸರು ಅದೇ. ಬೈನಾ, ಜುವಾರಿನಗರ, ಮಡಗಾವಿನ ಮೋತಿಡೊಂಗರ. ಕೊಪ್ಪಳ, ಗದಗ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಬಂದರಿಗೆ, ಗಾರೆ ಕೆಲಸಕ್ಕೆ, ಮೀನಿನ ಬುಟ್ಟಿ ಹೊರುವುದಕ್ಕೆ ಹೋದವರು ಕಡಲಿಗೆ ಬೆನ್ನು ಹಚ್ಚಿ ಕೋಣೆ ಕಟ್ಟಿಕೊಂಡರು. 2004ರ ಜೂನ್‌ನಲ್ಲಿ, ಮಳೆ ಶುರುವಾಗುವ ಹೊತ್ತಿಗೆ, ಗೋವಾ ಸರ್ಕಾರ ಬೈನಾ ದಂಡೆಯ ಸಾಲುಗಳನ್ನು ನೆಲಸಮ ಮಾಡಿತು. 2015ರಲ್ಲಿ ಮತ್ತೆ ಒಂದಷ್ಟು ಮನೆಗಳು ಬಿದ್ದವು. ಉಳಿದವರು ಗುಡ್ಡದ ಕಡೆ ಒತ್ತರಿಸಿಕೊಂಡಿದ್ದಾರೆ.

ಪರಿಚಯದವರೊಬ್ಬರ ಕೋಣೆಗೆ ಹೋದೆವು. ಹತ್ತು ಹೆಜ್ಜೆ ಉದ್ದ, ಮೇಲೆ ತಗಡು, ಗೋಡೆಯ ಮೇಲೆ ಗವಿಸಿದ್ಧೇಶ್ವರನ ಕ್ಯಾಲೆಂಡರು. ಆ ಮನೆಯ ಹೆಣ್ಣುಮಗಳು ಗ್ಯಾಸ್ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟು ಊರಿಂದಲೇ ಬರುತ್ತದೆ. ಇಲ್ಲಿಯ ಹಿಟ್ಟಿಗೆ ಜಿಗಿ ಇಲ್ಲವಂತೆ. ಅಂಗೈಯ ಬಡಿತ ಒಂದು ಲಯದಲ್ಲಿ, ಹಿಂದಿನ ಸಂದಿಯಿಂದ ತೆರೆಯ ಸದ್ದು ಇನ್ನೊಂದು ಲಯದಲ್ಲಿ. ಬಾಗಿಲು ಕಡಲಿನ ಕಡೆಗಿರಲಿಲ್ಲ. ಅತ್ತ ಒಂದು ಗೇಣಿನ ಕಿಂಡಿ ಇತ್ತು, ಅದಕ್ಕೂ ಪ್ಲಾಸ್ಟಿಕ್ ಚೀಲ ತುರುಕಿತ್ತು. ಗಾಳಿಗೆ ಒಲೆ ಆರುತ್ತದೆ ಎಂದಳು. ಸಮುದ್ರ ಚಂದ ಅಲ್ಲವೇ ಎಂದು ನಾನು ಕೇಳಿದೆ. ಕೇಳಬೇಕಾದ ಪ್ರಶ್ನೆಯೆಂದೇ ಕೇಳಿದೆ. "ಚಂದ ಐತ್ರಿ ಸರ. ನಳ ದಿನಾ ಬರೂದಿಲ್ಲ." ರೊಟ್ಟಿ ತಿರುವಿ ಹಾಕಿ, ಮೂಲೆಯ ನೀಲಿ ಡ್ರಮ್ಮುಗಳ ಕಡೆ ಗದ್ದ ತಿರುಗಿಸಿದಳು. ಮೂರು ಡ್ರಮ್ಮು, ಮೇಲೆ ಬಟ್ಟೆ ಕಟ್ಟಿ ಮುಚ್ಚಿದ್ದು. ನಮ್ಮ ಓಣಿಯಲ್ಲಿ ಹೇಗೆ ಕಟ್ಟುತ್ತಾರೋ ಹಾಗೇ.

ಅಲ್ಲಿಂದ ಕಾರವಾರ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ಬಂದ ರವೀಂದ್ರನಾಥ ಟ್ಯಾಗೋರರು ಈ ಕಡಲದಂಡೆಯಲ್ಲಿ ನಾಟಕ ಬರೆದರು; ಹೀಗಾಗಿ ಬೀಚಿಗೆ ಅವರ ಹೆಸರು. ಅವರು ಬಂದ ಕಾಲಕ್ಕೆ ದಂಡೆ ಯಾರದೂ ಆಗಿರಲಿಲ್ಲ. ಈಗ ದಕ್ಷಿಣಕ್ಕೆ ನೌಕಾನೆಲೆ, ಪಕ್ಕದಲ್ಲಿ ಬಂದರು. ಬಂದರು ವಿಸ್ತರಣೆಗೆ ಬೀಚಿನ ಕಡೆ ಕಲ್ಲು ಹಾಕತೊಡಗಿದಾಗ, 2020ರ ಜನವರಿಯಲ್ಲಿ, ಮೀನುಗಾರರು ಊರನ್ನೇ ಬಂದ್ ಮಾಡಿಸಿದರು. ಊರಿನವರಿಗೆ ಉಳಿದದ್ದು ಆ ಒಂದು ತುಣುಕು ಮರಳೇ. ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಲಾರಿಯೊಂದು ನೀರಿಗೆ ಬಿತ್ತು, ಚಾಲಕ ಬದುಕಿದ. ಊರು ಚಂದವೇ. ಸರ್ಕಾರಿ ಅಂಗಳದಲ್ಲಿ ಮನೆ ಮಾಡಿದಂತಿರುತ್ತದೆ ಎನಿಸಿ ಮುಂದೆ ಹೊರಟೆವು.

ಅಂಕೋಲೆ ದಾಟಿ ಶಿರೂರಿನಲ್ಲಿ ಬಸ್ಸು ತಾನಾಗಿ ನಿಧಾನವಾಯಿತು. 2024ರ ಜುಲೈ 16ರ ಬೆಳಗ್ಗೆ ಇಲ್ಲಿ ಹೆದ್ದಾರಿಗೆ ಕತ್ತರಿಸಿದ ಗುಡ್ಡ ಜಾರಿ, ದಾರಿಬದಿಯ ಚಹಾದಂಗಡಿಯನ್ನು, ನಿಂತ ಲಾರಿಗಳನ್ನು ಗಂಗಾವಳಿಗೆ ನೂಕಿತು. ಎಲ್ಲರೂ ಗುಡ್ಡದ ಮಾತಾಡುತ್ತಾರೆ. ನನ್ನ ಹೆಂಡತಿ ಆಚೆ ದಂಡೆ ತೋರಿಸಿ, "ಉಳುವರೆ ಅದೇ ಅಲ್ಲೇನ್ರಿ?" ಎಂದಳು. ಮಣ್ಣು ಬಿದ್ದ ರಭಸಕ್ಕೆ ಹೊಳೆಯ ನೀರು ಗೋಡೆಯೆದ್ದು ಎದುರು ದಂಡೆಯ ಆ ಊರಿನ ಮನೆಗಳ ಮೇಲೆ ಬಿದ್ದಿತ್ತು. ಗುಡ್ಡವೂ ಅವರದಲ್ಲ, ಹೆದ್ದಾರಿಯೂ ಅವರ ದಂಡೆಯದಲ್ಲ. ನೀರು ಬಂದರೆ ಎಲ್ಲಿಯತನಕ ಬರುತ್ತದೆ ಎಂಬ ಅವಳ ಪ್ರಶ್ನೆಗೆ ಇಂಥ ಉತ್ತರವೂ ಉಂಟೆಂದು ಕಂಪ್ಲಿಯಲ್ಲಿ ಅವಳಿಗೆ ಯಾರೂ ಹೇಳಿರಲಿಲ್ಲ. ಕುಮಟಾ, ಹೊನ್ನಾವರ, ಭಟ್ಕಳ ಕಿಟಕಿಯಲ್ಲೇ ಕಳೆದುಹೋದವು. ಶರಾವತಿಯ ಸೇತುವೆಯ ಮೇಲೆ ಇಡೀ ಬಸ್ಸು ಮೊಬೈಲು ಎತ್ತಿತು.

ಮರವಂತೆಯಲ್ಲಿ ಇಳಿದದ್ದು ಬರೀ ನೋಡುವುದಕ್ಕೆ. ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಯಲಬುರ್ಗಾದವನೊಬ್ಬ ಎರಡು ನೀರಿನ ನಡುವೆ ಹೀಗೆ ನಿಂತರೆ ಒಂದು ಕ್ಷಣ ತಲೆ ತಿರುಗದೇ ಇರುವುದಿಲ್ಲ. ದಂಡೆಯುದ್ದಕ್ಕೂ ಕಡಲ್ಕೊರೆತ ತಡೆಯಲು ಸುರಿದ ಬಂಡೆಗಳು. ಗುಡ್ಡಗಳನ್ನು ಒಡೆದು ತಂದು ಕಡಲಿಗೆ ಸುರಿಯುವುದು ಈ ಕರಾವಳಿಯ ದೊಡ್ಡ ಕಾಮಗಾರಿ. ಒಂದು ಕಡೆ ಕಲ್ಲು ಬಿದ್ದರೆ ಕೊರೆತ ಪಕ್ಕದ ಊರಿಗೆ ಸರಿಯುತ್ತದೆ ಎಂದು ಉಳ್ಳಾಲದಿಂದ ಇತ್ತ ಎಲ್ಲ ಕಡೆ ಕೇಳಿದೆ.

ಕುಂದಾಪುರ ಮಾತ್ರ ಮೊದಲ ದಿನವೇ ನನ್ನನ್ನು ಹಿಡಿದು ಕೂರಿಸಿತು. ಕಡಲಿಗೆ ಮುಖ ಕೊಟ್ಟ ಊರಲ್ಲ ಅದು. ವಾರಾಹಿ, ಚಕ್ರಾ, ಸೌಪರ್ಣಿಕಾ ಮೊದಲಾದ ಐದು ಹೊಳೆಗಳು ಕೂಡಿ ಪಂಚಗಂಗಾವಳಿಯಾಗಿ ಊರನ್ನು ಬಳಸಿಕೊಂಡು ಗಂಗೊಳ್ಳಿಯ ಅಳಿವೆಯಲ್ಲಿ ಕಡಲು ಸೇರುತ್ತವೆ. ಊರು ಹೊಳೆಯ ಹಿಂದೆ, ಹೊಳೆ ಕೋಡಿಯ ಮರಳಿನ ಹಿಂದೆ, ಆಮೇಲೆ ಕಡಲು. ಹಳೆಯ ವ್ಯಾಪಾರಿಗಳು ಇನ್ನೂ ಹುಷಾರಿ. ಅವರ ದೊಡ್ಡ ರೇವು ಬಸ್ರೂರು; ವಾರಾಹಿಯಲ್ಲಿ ಒಳಗೆ ಮೈಲುಗಟ್ಟಲೆ ಬಂದ ಮೇಲೆ ಸಿಗುವುದು. ಅಷ್ಟು ಒಳಗಿದ್ದೂ 1665ರಲ್ಲಿ ಶಿವಾಜಿಯ ಹಡಗುಗಳು ಬಂದು ದೋಚಿಕೊಂಡು ಹೋದವು. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಓದಿದವರಿಗೆ ಇಂಥ ಕೋಡಿಯ ಬದುಕು ಗೊತ್ತು: ಕಡಲಿಗೂ ಉಪ್ಪುನೀರಿನ ಹೊಳೆಗೂ ನಡುವಿನ ಪಟ್ಟಿಯಲ್ಲಿ ಬೇಸಾಯ ಮಾಡುವುದೆಂದರೆ ಏನೆಂದು. ನಾನು ಎರೆಹೊಲದ ಜಗಲಿಯ ಮೇಲೆ ಕೂತು ಅದನ್ನು ಓದಿದ್ದೆ. ಅಷ್ಟು ನೀರಿದ್ದೂ ಅಷ್ಟು ಬಡತನವೇ ಎಂದು ಆಗ ನಂಬಿಕೆ ಬಂದಿರಲಿಲ್ಲ.

ಮನೆ ತೋರಿಸಿದವರು ಮೊದಲು ಕರೆದೊಯ್ದದ್ದು ಹೊಳೆಗೆ ಹೊಂದಿದ ಹೊಸ ಅಪಾರ್ಟ್‌ಮೆಂಟಿಗೆ. ಬಾಲ್ಕನಿಯಿಂದ ಅಳಿವೆ ಕಾಣುತ್ತದೆ, ಸಂಜೆ ದೋಣಿಗಳು ಸಾಲಾಗಿ ಬರುತ್ತವೆ. ನಾನು ಅಲ್ಲೇ ಕುರ್ಚಿ ಹಾಕಿ ಕೂತುಬಿಡುವವನಿದ್ದೆ. ಕೆಳಗೆ ಇನ್ನೊಂದು ಕಟ್ಟಡದ ಕೆಲಸ ನಡೆದಿತ್ತು. ಸಾರವೆಯ ಮೇಲಿಂದ ಯಾರೋ ನಮ್ಮ ಮಾತು ಕೇಳಿ, "ಯಾವೂರ್ರೀ?" ಎಂದರು. ಯಲಬುರ್ಗಾ ಎಂದೆ. ಇಳಿದೇ ಬಂದ. ನಮ್ಮ ತಾಲ್ಲೂಕಿನವನೇ ಮೇಸ್ತ್ರಿ, ಹದಿನೈದು ವರ್ಷದಿಂದ ಮಂಗಳೂರು, ಉಡುಪಿ, ಕುಂದಾಪುರ ಎಂದು ಕಟ್ಟುತ್ತಲೇ ಇದ್ದಾನೆ. ಈ ಕರಾವಳಿಯಲ್ಲಿ ನೀರಿಗೆ ಮುಖ ಮಾಡಿದ ಕಟ್ಟಡಗಳ ಗಾರೆ, ಸೆಂಟ್ರಿಂಗು ಬಹುಪಾಲು ನಮ್ಮ ಕಡೆಯವರ ಕೈಯದು. ಬಾಲ್ಕನಿಯಲ್ಲಿ ಕೂಡುವವರು ಬೇರೆ.

ಅವನು ನಮ್ಮನ್ನು ಕಂಬವೊಂದರ ಹತ್ತಿರ ಕರೆದು, ಮೂಲೆಯಲ್ಲಿ ಸಿಪ್ಪೆಯೆದ್ದ ಸಿಮೆಂಟನ್ನು ಉಗುರಿನಿಂದ ಕೆರೆದ. ಒಳಗಿನ ಸರಳು ತುಕ್ಕು ಹಿಡಿದು ಉಬ್ಬಿತ್ತು. "ಉಪ್ಪಿನ ಗಾಳಿ ತಿಂತೈತ್ರಿ ಸರ. ಕಬ್ಬಿಣ ಉಬ್ಬಿದ್ರ ಸಿಮೆಂಟ್ ಸೀಳತೈತಿ. ಇದು ಆರೇ ವರ್ಷದ್ದು. ನಾನ ಕಟ್ಟಿದ್ದು, ನನಗ ಗೊತ್ತಿಲ್ಲೇನು." ಹಾಗಾದರೆ ಎಲ್ಲಿ ಉಳಿಯಬೇಕು ಎಂದು ಕೇಳಿದಳು ಹೆಂಡತಿ. ಅವನು ಹೊಳೆಗೆ ಬೆನ್ನು ಮಾಡಿ ಊರೊಳಗೆ ಕೈ ತೋರಿಸಿದ. ಕೆಂಪುಕಲ್ಲಿನ ಗೋಡೆ, ಮಂಗಳೂರು ಹೆಂಚು, ಮುಂದೆ ಇಳಿಮಾಡಿನ ಚಾವಡಿ ಇರುವ ಹಳೇ ಮನೆ ಹಿಡಿಯಿರಿ. ಬಾವಿಯ ನೀರನ್ನು ಮೇ ತಿಂಗಳಲ್ಲಿ ಬಂದು ಬಾಯಿಗೆ ಹಾಕಿ ನೋಡಿರಿ, ಸಪ್ಪಗಿದ್ದರೆ ಮಾತ್ರ ಅಡ್ವಾನ್ಸು ಕೊಡಿರಿ. ಬೇಸಿಗೆಯಲ್ಲಿ ಹೊಳೆಯ ನೀರು ಇಳಿದು ಕಡಲ ಉಪ್ಪು ಮೇಲೇರಿ ಬರುತ್ತದೆ. ದಂಡೆಯ ಬಾವಿಗಳು ಮೊದಲು ಕೆಡುತ್ತವೆ. ಕಾನೂನೂ ಸುಮಾರಾಗಿ ಅವನು ಹೇಳಿದ್ದನ್ನೇ ಹೇಳುತ್ತದೆ. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲಿ ಹಳ್ಳಿಗಳಿಗೆ ಭರತದ ಗೆರೆಯಿಂದ 200 ಮೀಟರು, ಜನದಟ್ಟಣೆ ಹೆಚ್ಚಿರುವ ಹಳ್ಳಿಗಳಿಗೆ 50 ಮೀಟರು ಕಟ್ಟಡ ಕಟ್ಟದೆ ಬಿಡಬೇಕಾದ ಜಾಗ. ಮೊದಲು ಎಲ್ಲ ಹಳ್ಳಿಗಳಿಗೂ 200 ಇತ್ತು. ಗದ್ದೆ ಬಿಡುವ ಲೆಕ್ಕ ಇಲ್ಲೂ ಸಡಿಲಾಗುತ್ತಿದೆ.

ಅವನು ಹೇಳಿದ ಥರದ ಮನೆ ಸಿಕ್ಕಿತು, ಹೊಳೆಯಿಂದ ಒಂದು ಫರ್ಲಾಂಗು ಒಳಗೆ. ಬಾಗಿಲು ತೆಗೆದರೆ ನೀರು ಕಾಣುವುದಿಲ್ಲ, ತೆಂಗಿನ ಮರಗಳು ಕಾಣುತ್ತವೆ. ಗಾಳಿ ತಿರುಗಿದಾಗ ಮೀನಿನ, ಕೆಸರಿನ ವಾಸನೆ ಬರುತ್ತದೆ. ಹೆಂಡತಿ ಗೋಡೆಯ ಬುಡ ಮುಟ್ಟಿ ನೋಡಿ, ಮಾಡಿನ ಕಡೆ ಕತ್ತೆತ್ತಿ, ಬಾವಿಗೆ ಬಗ್ಗಿ ಆದ ಮೇಲೆ "ಅಡ್ಡಿಯಿಲ್ಲ" ಎಂದಳು. ಮೇ ತಿಂಗಳಲ್ಲಿ ಮತ್ತೆ ಹೋಗಿ ಒಂದು ಚೊಂಬು ಕುಡಿದೂ ನೋಡಿದೆವು. ಸಪ್ಪಗಿತ್ತು.

ಪೂರ್ತಿ ವರ್ಷ ಉಳಿಯುವುದು ಆಗದ ಮಾತು. ಲಾವಣಿಗೆ ಕೊಟ್ಟರೂ ಮುಂಗಾರಿಗೆ ಹೊಲದ ಬದುವಿಗೆ ನಾನು ಕಾಲಿಡದಿದ್ದರೆ ಜೀವ ಒಪ್ಪುವುದಿಲ್ಲ. ಹಿಂಗಾರಿಯ ಕಡಲೆ ಬಿತ್ತಿ ದೀಪಾವಳಿ ಮುಗಿಸಿ ಹೊರಡುವುದು, ರೋಹಿಣಿ ಮಳೆಯ ಹೊತ್ತಿಗೆ ವಾಪಸಾಗುವುದು ಎಂದು ಮಾತಾಯಿತು. ಮನೆಯ ಒಡತಿಗೆ ಇದು ತಮಾಷೆಯೆನಿಸಿತು. "ಹ್ವಾಯ್, ಮಳಿಗಾಲ್ದಗೆ ಇರುದಿಲ್ಯಾ? ಹೊಳಿ ಕಾಂಬುದೇ ಆವಾಗ ಅಲ್ದಾ!" ಎಂದು ನಕ್ಕರು. ಅವರಿಗೆ ಹೊಳೆಯೆಂದರೆ ಜುಲೈ. ನನಗೆ ಹೊಳೆಯೆಂದರೆ ಬೇಸಿಗೆಯಲ್ಲೂ ಇರುವ ನೀರು. ಇಬ್ಬರ ಲೆಕ್ಕವೂ ಬಾಡಿಗೆ ಚೀಟಿಯಲ್ಲಿ ಬರೆಯುವಂಥದ್ದಲ್ಲ.

ವಾಪಸು ಬರುವಾಗ ರಾತ್ರಿ ಬಸ್ಸು ಮಂಗಳೂರಿನಿಂದಲೇ ತುಂಬಿ ಬಂದಿತ್ತು. ಕುಷ್ಟಗಿ, ಯಲಬುರ್ಗಾ ಕಡೆಯ ಗಾರೆಯವರು, ಸೀಟಿನ ಕೆಳಗೆ ಕರಣೆ, ತೂಗುಗುಂಡು ಇರುವ ಚೀಲಗಳು, ಮಡಿಲಲ್ಲಿ ಮಲಗಿದ ಮಕ್ಕಳು. ಪಕ್ಕದವನು ಎಷ್ಟು ತಿಂಗಳಿಗೆ ಬಂದಿದ್ದಿರಿ ಎಂದು ಕೇಳಿದ. ದೀಪಾವಳಿ ಮುಗಿಸಿ ಬರುತ್ತೇವೆ, ಮುಂಗಾರಿಗೆ ಊರಿಗೆ ಹೋಗುತ್ತೇವೆ ಎಂದು ನಾನು ವಿವರಿಸಿದೆ. ಅವನಿಗೆ ಅದರಲ್ಲಿ ಕೇಳುವಂಥದ್ದೇನೂ ಕಾಣಲಿಲ್ಲ. "ಹೌದಲ್ರಿ, ಎಲ್ಲಾರೂ ಹಂಗ," ಎಂದು ಕಣ್ಣು ಮುಚ್ಚಿದ. ಗುಳೆ ಹೋಗುವವರ ಪಂಚಾಂಗವೂ ಅದೇ. ಬದಲಾಗುವುದು ಕೂಲಿ ಮತ್ತು ಪಿಂಚಣಿಯಷ್ಟೆ.

ಮನೆಯ ಹೆಂಚು ಮಳೆಗಾಲದಲ್ಲಿ ಎರಡು ಕಡೆ ಸೋರುತ್ತದಂತೆ. ಒಡತಿ ಅದನ್ನು ಮೊದಲೇ ಹೇಳಿದ್ದಾರೆ. ಮೇಸ್ತ್ರಿ ದೀಪಾವಳಿಗೆ ಊರಿಗೆ ಬಂದವನು ನಮ್ಮ ಜೊತೆಗೇ ಹೊರಟು, ಮೊದಲ ಭಾನುವಾರ ಹೆಂಚು ಕೈಯಾಡಿಸಿ ಕೊಡುತ್ತೇನೆ ಎಂದಿದ್ದಾನೆ. ಒಡೆದ ಹೆಂಚಿಗೆ ದುಡ್ಡು ಒಡತಿಯದು. ಕೂಲಿ ನಮ್ಮದು, ಎಷ್ಟೆಂದು ಇನ್ನೂ ಮಾತಾಗಿಲ್ಲ.